ಮರಿಗೆ ಮದ್ದು ಕೊಟ್ಟೆ, ಕೊಳದ ನೀರು ನೋಡಲಿಲ್ಲ

ಮೀನು ಮರಿ ಸಾಕುವ ಫಾರ್ಮ್ ಒಂದರಲ್ಲಿ ನನ್ನ ಕೆಲಸ. ಒಂದು ಮುಂಗಾರಿನಲ್ಲಿ ಬೇರೆ ಕಡೆಯಿಂದ ಹುಲ್ಲುಗೆಂಡೆ ಮರಿ ತರಿಸಿದ್ದೆವು. ಆಕ್ಸಿಜನ್ ತುಂಬಿದ ಚೀಲಗಳಲ್ಲಿ ಬಂದವು, ಚುರುಕಾಗಿಯೇ ಇದ್ದವು. ಎರಡು ಮೂರು ಮರಿ ಕೊಯ್ದು ಕರುಳು ನೋಡಬೇಕಿತ್ತು. ಕತ್ತಲಾಗುತ್ತಿತ್ತು, ನೋಡಲಿಲ್ಲ. ನೇರ ಕೊಳಕ್ಕೆ ಬಿಟ್ಟೆ.

ತಿಂಗಳಾದ ಮೇಲೆ ಮರಿಗಳು ಸೊರಗತೊಡಗಿದವು. ಬೆನ್ನು ಬಡಕಲು, ಹೊಟ್ಟೆ ಮಾತ್ರ ಉಬ್ಬು. ಹಿಂಡಿ ಹಾಕಿದರೂ ಬಾರದೆ ದಡದ ಹತ್ತಿರ ಸುಮ್ನೆ ನಿಲ್ಲುತ್ತಿದ್ದವು. ಬೆರಳುದ್ದದ ಒಂದು ಮರಿಯನ್ನು ಕೊಯ್ದೆ. ಕರುಳು ಬಿಗಿದುಕೊಂಡು ಬೆಳ್ಳಗಿತ್ತು. ಕತ್ತರಿಯ ತುದಿ ತಾಗಿದ್ದೇ ತಡ, ಒಳಗಿಂದ ಬಿಳಿ ಪಟ್ಟಿ ಜಾರಿ ಬಂತು. ಒಂದಾದ ಮೇಲೊಂದು, ಒಟ್ಟು ಏಳು. ಲಾಡಿಹುಳು ಅಂತ ಹೆಸರಿಟ್ಟವರು ಸರಿಯಾಗಿ ನೋಡಿಯೇ ಇಟ್ಟಿದ್ದಾರೆ. ಲೆನ್ಸ್ ಕೆಳಗಿಟ್ಟರೆ ಹೃದಯದ ಆಕಾರದ ತಲೆ, ಎರಡು ಕಡೆ ಉದ್ದನೆಯ ಸೀಳು. ಆ ಸೀಳುಗಳಿಂದಲೇ ಅದು ಕರುಳಿನ ಗೋಡೆಗೆ ಅಂಟಿಕೊಳ್ಳುವುದು.

ಇದಕ್ಕೆ ಏಷ್ಯಾದ ಮೀನು ಲಾಡಿಹುಳು ಅನ್ನುತ್ತಾರೆ. 1934ರಲ್ಲಿ ಜಪಾನಿನ ವಿಜ್ಞಾನಿ ಯಾಮಾಗುಟಿ ಇದನ್ನು ವಿವರಿಸಿದರು. ಸಾಕಣೆಯ ಗೆಂಡೆ ಮರಿಗಳ ಜೊತೆಗೇ ದೇಶದಿಂದ ದೇಶಕ್ಕೆ ಹೋಗಿ, ಈಗ 300ಕ್ಕೂ ಹೆಚ್ಚು ಜಾತಿಯ ಮೀನುಗಳಲ್ಲಿ ಸಿಕ್ಕಿದೆ. ದೊಡ್ಡ ಮೀನು ಹೇಗೋ ತಡೆದುಕೊಳ್ಳುತ್ತದೆ. ಮರಿಯ ಕರುಳು ಕಟ್ಟಿಕೊಂಡರೆ ಮುಗೀತು.

ಪ್ರಾಜಿಕ್ವಾಂಟೆಲ್ ಅನ್ನುವ ಲಾಡಿಹುಳು ಕೊಲ್ಲುವ ಮದ್ದು ತಂದು ತಿಂಡಿಯಲ್ಲಿ ಬೆರೆಸಿ ಅದೇ ಕೊಳಕ್ಕೆ ಹಾಕಿದೆ. ವಾರ ಬಿಟ್ಟು ಕೊಯ್ದರೆ ಕರುಳು ಖಾಲಿ! ಖುಷಿಯಲ್ಲಿ ಮಾಲೀಕರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಎರಡು ತಿಂಗಳೊಳಗೆ ಮತ್ತೆ ಅದೇ ಉಬ್ಬಿದ ಹೊಟ್ಟೆ, ಅದೇ ಬಿಳಿ ಪಟ್ಟಿ.

ಆಗ ಕೊಳದ ನೀರನ್ನು ಪ್ಲಾಂಕ್ಟನ್ ಬಲೆಯಲ್ಲಿ, ಅಂದರೆ ನೀರಿನ ಸಣ್ಣ ಜೀವಿಗಳನ್ನು ಹಿಡಿಯುವ ನಯವಾದ ಬಲೆಯಲ್ಲಿ, ಸೋಸಿ ನೋಡಿದೆ. ಸೈಕ್ಲೋಪ್ಸ್ ಅನ್ನುವ ಚುಕ್ಕಿಯಷ್ಟು ಸಣ್ಣ ನೀರಿನ ಜೀವಿಗಳು ತುಂಬಿ ತುಳುಕುತ್ತಿದ್ದವು. ಮದ್ದು ಹುಳುವನ್ನು ಕೊಲ್ಲುತ್ತದೆ, ಅದರ ಮೊಟ್ಟೆಯನ್ನಲ್ಲ. ನಾನು ಕೊಂದ ಹುಳುಗಳೆಲ್ಲ ಮೊಟ್ಟೆಯ ಸಮೇತ ಅದೇ ನೀರಿಗೆ ಬಿದ್ದಿದ್ದವು. ಬೆಚ್ಚಗಿನ ನೀರಲ್ಲಿ ಮೊಟ್ಟೆ ಕೆಲವೇ ದಿನಕ್ಕೆ ಒಡೆಯುತ್ತದೆ. ಹೊರಬಂದ ಮರಿಹುಳುವನ್ನು ಸೈಕ್ಲೋಪ್ಸ್ ನುಂಗುತ್ತದೆ, ಸೈಕ್ಲೋಪ್ಸನ್ನು ಮೀನು ಮರಿ ತಿನ್ನುತ್ತದೆ. ಮತ್ತೆ ಮೂರು ವಾರಕ್ಕೆ ಕರುಳಲ್ಲಿ ಬಲಿತ ಹುಳು. ಆ ಸೈಕ್ಲೋಪ್ಸನ್ನು ಬೆಳೆಸಿದ್ದೂ ನಾವೇ ಅಲ್ವಾ? ಮರಿಗೆ ಮೇವಾಗಲಿ ಅಂತ ಸಗಣಿ, ಕಡಲೆಕಾಯಿ ಹಿಂಡಿ ಹಾಕಿದ್ದು ಅದಕ್ಕೇ.

ನಮ್ಮಲ್ಲಿ ಬಲೆ ಎಳೆಯುವ ಅಜ್ಜ ರಾಯಚೂರು ಕಡೆಯವರು. ಗಾಜಿನ ಲೋಟದಲ್ಲಿ ಪುಟಪುಟ ಜಿಗಿಯುವ ಸೈಕ್ಲೋಪ್ಸ್ ತೋರಿಸಿದೆ. "ಮೇಡಂ, ನಾರುಹುಣ್ಣು ಬರ್ತಿದ್ದದ್ದೂ ಇದರಿಂದಾನ ಅಂತ ಡಾಕ್ಟರು ಹೇಳ್ತಿದ್ರು. ಅದಕ್ಕ ನಮ್ಮವ್ವ ಬಾವಿ ನೀರು ಅರಿವ್ಯಾಗ ಸೋಸಿ ಕೊಡಾಕಿ" ಅಂದರು. ನಾರುಹುಣ್ಣು ಅಂದರೆ ಸೈಕ್ಲೋಪ್ಸ್ ಇರುವ ನೀರು ಕುಡಿದವರ ಚರ್ಮದಿಂದ ಉದ್ದನೆಯ ಹುಳು ಹೊರಬರುವ ರೋಗ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ಘೋಷಣೆಯಾಯಿತು. ಅದನ್ನು ಓಡಿಸಲು ಲಸಿಕೆಯೇ ಇರಲಿಲ್ಲ. ನೀರು ಸೋಸಿ, ಮೆಟ್ಟಿಲುಬಾವಿಗೆ ಇಳಿಯುವುದನ್ನು ಬಿಡಿಸಿಯೇ ಗೆದ್ದದ್ದು. ನನಗೆ ದಾರಿ ಕಂಡಿದ್ದು ಆಗ.

ಎಲ್ಲ ಮರಿಗಳನ್ನು ಸಿಮೆಂಟ್ ತೊಟ್ಟಿಗೆ ತೆಗೆದು, ಬೋರ್‌ವೆಲ್ ನೀರಲ್ಲಿಟ್ಟು ಮದ್ದು ಕೊಟ್ಟೆವು. ತೊಟ್ಟಿಯ ನೀರನ್ನು ಬ್ಲೀಚಿಂಗ್ ಪೌಡರ್ ಹಾಕದೆ ಹೊರಗೆ ಬಿಡಲಿಲ್ಲ. ಕೊಳ ಖಾಲಿ ಮಾಡಿ, ಮಣ್ಣು ಬಿರುಕು ಬಿಡುವ ತನಕ ಒಣಗಿಸಿ ಸುಣ್ಣ ಹಾಕಿದೆವು. ಆ ಕೊಳದಲ್ಲಿ ಹುಳು ಮತ್ತೆ ಕಾಣಲಿಲ್ಲ. ಈಗ ಹೊಸ ಮರಿ ರಾತ್ರಿ ಹತ್ತಕ್ಕೆ ಬಂದರೂ ಪ್ರತಿ ಚೀಲದಿಂದ ಮೂರು ಮರಿ ಕೊಯ್ದು ನೋಡುತ್ತೇನೆ.

ಆದರೆ ಹುಳು ಇದೆ ಅಂತ ಗೊತ್ತಾಗುವ ಮೊದಲೇ ಒಬ್ಬ ರೈತರು ಅದೇ ಮರಿಗಳನ್ನು ಒಯ್ದು ಊರ ಕೆರೆಗೆ ಬಿಟ್ಟಿದ್ದರು. ಅವರಿಗೆ ವಿಷಯ ಹೇಳಿದೆ. ಊರಿನ ದನಕರು ನೀರು ಕುಡಿಯುವ ಕೆರೆ, ಬರಿದು ಮಾಡಿ ಒಣಗಿಸಲು ಆಗುವುದಿಲ್ಲ. ಪ್ರತಿ ಸಲ ಅಲ್ಲಿ ಬಲೆ ಹಾಕುವ ದಿನ ಕತ್ತರಿ, ಲೆನ್ಸ್ ಹಿಡಿದು ನಾನೂ ಹೋಗುತ್ತೇನೆ.