ಗೆಲುವಿನ ಗೆರೆಯ ಪಕ್ಕ ಮಲಗಿರುವ ಕುದುರೆ

ಇಂಗ್ಲೆಂಡಿನ ಲಿವರ್‌ಪೂಲ್ ಸೆಂಟ್ರಲ್‌ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿದರೆ ಏಂಟ್ರೀಗೆ ಹೆಚ್ಚು ಹೊತ್ತು ಬೇಕಿಲ್ಲ. ಸ್ಟೇಷನ್‌ನಿಂದ ರಸ್ತೆ ದಾಟಿದರೆ ರೇಸ್‌ಕೋರ್ಸ್. ನಾನು ಹೋದದ್ದು ನವೆಂಬರ್‌ನ ಒಂದು ಸಣ್ಣ ರೇಸಿನ ದಿನ. ಜನ ಜಾಸ್ತಿ ಇರಲಿಲ್ಲ, ಚಳಿ ಮಾತ್ರ ಇತ್ತು.

ಬೆಂಗಳೂರಿನಲ್ಲಿ ಬಸ್ಸಿನ ಕಿಟಕಿಯಿಂದ ರೇಸ್‌ಕೋರ್ಸ್ ಇಣುಕಿದವನು ನಾನು. ಅಲ್ಲಿ ಕುದುರೆ ಬರೀ ಓಡುತ್ತದೆ. ಇಲ್ಲಿ ಬೇಲಿ ಹಾರಬೇಕು. ಇಲ್ಲಿನ ಹೆಸರಾಂತ ರೇಸು ಗ್ರ್ಯಾಂಡ್ ನ್ಯಾಷನಲ್ ಅಂದರೆ ಸುಮಾರು 7 ಕಿಲೋಮೀಟರ್, 30 ಬೇಲಿ. ಅದನ್ನು ಮೂರು ಸಲ ಗೆದ್ದದ್ದು ರೆಡ್ ರಮ್ ಅನ್ನೋ ಕುದುರೆ ಒಂದೇ: 1973, 1974, 1977. ನಡುವಿನ ಎರಡು ವರ್ಷವೂ ಎರಡನೇ ಸ್ಥಾನ!

1995ರಲ್ಲಿ, 30ನೇ ವಯಸ್ಸಿನಲ್ಲಿ ಸತ್ತಾಗ ಅದನ್ನು ಇಲ್ಲೇ, ಗೆಲುವಿನ ಕಂಬದ ಹತ್ತಿರ ಹೂಳಿದರು. ತಲೆ ಕಂಬದ ಕಡೆಗೆ. ಯಾರೋ ಹೂ ಇಟ್ಟು ಹೋಗಿದ್ದರು. ಕಲ್ಲಿನ ಮೇಲೆ ನಾಲ್ಕಾರು ಸಾಲಿನ ಪದ್ಯ ಇದೆ. ಇದು ಪವಿತ್ರ ನೆಲ, ಗೌರವ ಕೊಡಿ ಅಂತ. ಕುದುರೆಗೆ ಇಷ್ಟೆಲ್ಲಾ ಯಾಕೆ ಅನ್ನಿಸಬಹುದು. ನನಗೂ ಅಲ್ಲಿ ನಿಲ್ಲುವ ತನಕ ಹಾಗೇ ಅನ್ನಿಸುತ್ತಿತ್ತು.

ಆದರೆ ನಿಜ ಹೇಳಬೇಕಂದ್ರೆ, ಅಲ್ಲಿ ನಿಂತಾಗ ನನಗೆ ನೆನಪಾದದ್ದು ಸೋತ ಕುದುರೆ. 1973ರಲ್ಲಿ ಕ್ರಿಸ್ಪ್ ಕೊನೆಯ ಬೇಲಿ ದಾಟಿದಾಗಲೂ ಎಷ್ಟೋ ಮುಂದಿತ್ತು. ಅದರ ಬೆನ್ನ ಮೇಲೆ ರೆಡ್ ರಮ್‌ಗಿಂತ ಹತ್ತು ಕಿಲೋ ಜಾಸ್ತಿ ಭಾರ. ಬೇಲಿಯಿಂದ ಕಂಬಕ್ಕೆ ಇನ್ನೂ 450 ಮೀಟರ್. ಅಷ್ಟರಲ್ಲಿ ಕಾಲು ಸೋತಿತು, ತೂರಾಡಿತು. ಮುಕ್ಕಾಲು ಲೆಂಗ್ತ್‌ನಿಂದ, ಅಂದರೆ ಒಂದು ಕುದುರೆಯ ಮುಕ್ಕಾಲು ಉದ್ದದಷ್ಟರಿಂದ, ಗೆಲುವು ಹೋಯಿತು. ಹಳೆಯ ವಿಡಿಯೋ ಎಷ್ಟು ಸಲ ನೋಡಿದರೂ ಈ ಸಲ ಕ್ರಿಸ್ಪ್ ಗೆಲ್ಲುತ್ತೆ ಅನ್ನಿಸುತ್ತದೆ ನನಗೆ.

ಹಾಗಂತ ರೆಡ್ ರಮ್ ಮೇಲೆ ಸಿಟ್ಟಾಗೋಕೂ ಆಗಲ್ಲ. ಅದಕ್ಕೆ ಪಾದದ ಮೂಳೆಯ ಕಾಯಿಲೆ. ಕುಂಟುವ ಕುದುರೆ. ಅದರ ತರಬೇತುದಾರ ಜಿಂಜರ್ ಮೆಕೇನ್ ಕಡಲ ದಂಡೆಯ ಊರಾದ ಸೌತ್‌ಪೋರ್ಟ್‌ನಲ್ಲಿ ಹಳೇ ಕಾರು ಮಾರುತ್ತಿದ್ದ ಮನುಷ್ಯ, ಲಾಯ ಇದ್ದದ್ದು ಅಂಗಡಿಯ ಹಿಂದೆ. 1972ರಲ್ಲಿ 6,000 ಗಿನಿಗೆ (ಇಂಗ್ಲೆಂಡಿನ ಹಳೆಯ ಹಣದ ಲೆಕ್ಕ) ಇದನ್ನು ಕೊಂಡು, ಕಡಲ ಮರಳಲ್ಲಿ ಓಡಿಸಿ, ಉಪ್ಪುನೀರಲ್ಲಿ ನಡೆಸಿದರು. ಕುಂಟು ಹೋಯಿತು.

ಮರುದಿನ ಸೌತ್‌ಪೋರ್ಟ್‌ಗೂ ಹೋದೆ. ಕಡಲು ಇಳಿದು ಎಲ್ಲೋ ದೂರ ಹೋಗಿತ್ತು, ಬರೀ ಮರಳು. ನಡೆದೂ ನಡೆದೂ ನೀರು ಸಿಕ್ಕಿತು. ಶೂ ಬಿಚ್ಚಿ ಸುಮ್ನೆ ಕಾಲಿಟ್ಟೆ. ಕೊರೆಯುವ ತಣ್ಣೀರು, ಎರಡು ನಿಮಿಷಕ್ಕೇ ಓಡಿ ಬಂದೆ.