ಗ ಗ ಗ, ಸ ಗ ಪ

ಕಳೆದ ಶನಿವಾರ ಕೀಬೋರ್ಡ್ ಕ್ಲಾಸಿಗೆ ಬಂದ ಹುಡುಗನೊಬ್ಬ, "ಮಿಸ್, ಸ್ಕೂಲ್ ಡೇಗೆ ಮಾರಿಯೋ ಮ್ಯೂಸಿಕ್ ನುಡಿಸ್ಬೇಕು, ಹೇಳ್ಕೊಡ್ತೀರಾ?" ಅಂದ. ಬಲಗೈಯನ್ನು ಯಾವುದೋ ವಿಡಿಯೋ ನೋಡಿ ಆಗಲೇ ಕಲಿತುಬಿಟ್ಟಿದ್ದ. ಗ ಗ ಗ, ಸ ಗ ಪ, ಆಮೇಲೆ ಕೆಳಗಿನ ಪ. ಒಂದು ಸ್ವರವೂ ತಪ್ಪಿರಲಿಲ್ಲ. ಆದರೂ ಅದು ಮಾರಿಯೋ ಥರ ಕೇಳಿಸ್ತಾ ಇರಲಿಲ್ಲ. ಎಡಗೈಯಲ್ಲಿ ಸುಮ್ನೆ ಸಿ ಮೇಜರ್ ಕಾರ್ಡ್, ಅಂದ್ರೆ ಸ ಗ ಪ ಮೂರನ್ನೂ ಒಟ್ಟಿಗೆ, ಒತ್ತಿ ಹಿಡಿದಿದ್ದ. "ನಾಳೆ ಬಾ, ಎಡಗೈ ಬರೆದುಕೊಡ್ತೀನಿ" ಅಂದೆ.

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯಲ್ಲಿ ಬೇಸಿಗೆ ರಜೆ ಅಂದ್ರೆ ಟಿವಿ ಗೇಮ್. ಕ್ಯಾಸೆಟ್ ಮೇಲೆ '9999 ಇನ್ 1' ಅಂತ ಬರೆದಿರುತ್ತಿತ್ತು. ಓಡದಿದ್ದರೆ ತೆಗೆದು ಊದಿ ಮತ್ತೆ ಹಾಕುತ್ತಿದ್ದೆವು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಯಂತ್ರಗಳು ಅವು. ಅದರಲ್ಲಿದ್ದ ಮಾರಿಯೋ ಆಟದ ಸಂಗೀತವನ್ನು ಕೋಜಿ ಕೊಂಡೊ ಎನ್ನುವವರು ಬರೆದಿದ್ದು ಅಂತ ನನಗೆ ತಿಳಿದಿದ್ದು ನಾನು ಪಾಠ ಹೇಳಲು ಶುರುಮಾಡಿದ ಮೇಲೆ.

ಆ ಸಂಜೆ, ಹಳೇ ಆಟಗಳ ಸಂಗೀತವನ್ನು ಬಿಡಿಬಿಡಿಯಾಗಿ ಕೇಳಿಸುವ ಒಂದು ಪ್ಲೇಯರ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತೆ. ಫ್ಯಾಮಿಕಾಮ್‌ನಲ್ಲಿ ಇರುವುದೇ ಐದು ಚಾನಲ್, ಅಂದ್ರೆ ಒಂದು ಸಲಕ್ಕೆ ಐದೇ ದನಿ. ರಾಗಕ್ಕೆ ಎರಡು ಪಲ್ಸ್, ಕೆಳಗಿನ ಸ್ವರಗಳಿಗೆ ಒಂದು ಟ್ರಯಾಂಗಲ್, ತಾಳಕ್ಕೆ ಒಂದು ನಾಯ್ಸ್, ರೆಕಾರ್ಡ್ ಮಾಡಿದ ಸಣ್ಣ ಸದ್ದುಗಳಿಗೆ ಇನ್ನೊಂದು. 1985ರ ಸೂಪರ್ ಮಾರಿಯೋ ಬ್ರದರ್ಸ್ ಸಂಗೀತ ಮೊದಲ ನಾಲ್ಕರಲ್ಲೇ ಮುಗಿದುಹೋಗುತ್ತದೆ. ಟ್ರಯಾಂಗಲ್‌ಗೆ ವಾಲ್ಯೂಮ್ ಹೆಚ್ಚುಕಮ್ಮಿ ಮಾಡುವ ಸೌಕರ್ಯವೂ ಇಲ್ಲ. ನುಡಿಯುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಚಿತ್ರ, ಸಂಗೀತ ಎಲ್ಲಾ ಸೇರಿ ಇಡೀ ಆಟ 40 ಕಿಲೋಬೈಟ್.

ಎರಡೂ ಪಲ್ಸ್ ಮ್ಯೂಟ್ ಮಾಡಿ ಟ್ರಯಾಂಗಲ್ ಒಂದನ್ನೇ ಕೇಳಿದೆ. ಹುಡುಗ ಸ ಹಿಡಿದಿದ್ದ ಜಾಗದಲ್ಲಿ ಮಂದ್ರದ ರಿ ಇದೆ! ನಡುವಿನ ಪಲ್ಸ್ ತೆರೆದೆ. ಅಲ್ಲಿ ಪ್ರತಿ ಮಧ್ಯಮ, ಅಂದ್ರೆ ಏರಿದ ಮ. ಮೇಲೆ ಗ, ನಡುವೆ ಪ್ರತಿ ಮಧ್ಯಮ, ಕೆಳಗೆ ರಿ. ಮೂರನ್ನೂ ಒಟ್ಟಿಗೆ ಕೀಬೋರ್ಡಿನಲ್ಲಿ ಒತ್ತಿ ನೋಡಿದೆ. ನೆಗೆಯಲು ಕಾಲೆತ್ತಿ ಇನ್ನೂ ನೆಲ ಮುಟ್ಟದಿರುವ ಹಾಗೆ ಇತ್ತು. ಕೊನೆಯ ಪಂಚಮಕ್ಕೆ ಬಂದಾಗಲೇ ಅದು ಊರುವುದು. ಷಡ್ಜದಿಂದ ಶುರು ಮಾಡಿದರೆ ಮಾರಿಯೋ ನಿಂತಲ್ಲೇ ನಿಂತುಬಿಡುತ್ತಾನೆ. ಅದೆಷ್ಟು ಸಲ ಕೇಳಿದೆನೋ, ಊಟಕ್ಕೆ ಕರೆದಿದ್ದೂ ಕೇಳಿಸಲಿಲ್ಲ.

ಇನ್ನೊಂದು ವಿಷಯ ಆಟ ಆಡಿದರೇನೇ ಗೊತ್ತಾಗುವುದು. ಜಿಗಿತದ ಸದ್ದು, ನಾಣ್ಯದ ಸದ್ದು ಎಲ್ಲಾ ಇದೇ ಚಾನಲ್‌ಗಳಲ್ಲೇ ಬರಬೇಕು. ಜಿಗಿದಾಗ ಒಂದು ಪಲ್ಸ್ ಆ ಸದ್ದಿನ ಪಾಲಾಗುತ್ತದೆ, ಸಂಗೀತದ ಒಂದು ಎಳೆ ಅಷ್ಟು ಹೊತ್ತು ಮಾಯ. ನಮಗೆ ಕೊರತೆ ಅನ್ನಿಸುವುದೇ ಇಲ್ಲ. ಆ ಸದ್ದುಗಳನ್ನು ಮಾಡಿದವರೂ ಕೊಂಡೊ ಅವರೇ. ಹಾಗಾಗಿ ಒಂದು ಎಳೆ ಹೋದರೂ ಹಾಡು ಕುಸಿಯಬಾರದು ಅನ್ನುವ ಲೆಕ್ಕ ಅವರಿಗೆ ಗೊತ್ತಿರಲೇಬೇಕು, ಅಲ್ವಾ?

ಕೊಂಡೊ ಹುಟ್ಟಿದ್ದು 1961ರಲ್ಲಿ, ನಗೋಯಾದಲ್ಲಿ. ಐದನೇ ವಯಸ್ಸಿಗೇ ಎಲೆಕ್ಟ್ರಾನಿಕ್ ಆರ್ಗನ್ ಕಲಿಯಲು ಹೋದವರು. ಕೀಬೋರ್ಡ್ ಪಾಠ ಹೇಳುವ ನನಗೆ ಇದು ತುಂಬ ಖುಷಿಯ ಸಂಗತಿ. ಮುಂದೆ ಜಾಝ್, ರಾಕ್ ನುಡಿಸುವ ಬ್ಯಾಂಡಿನಲ್ಲಿದ್ದರು. ಒಸಾಕಾ ಕಲಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ನಿಂಟೆಂಡೊ ಕಂಪನಿಗೆ ಸಂಗೀತದವರು ಬೇಕು ಅನ್ನುವ ಪ್ರಕಟಣೆ ನೋಡಿ ಅರ್ಜಿ ಹಾಕಿದರು. 1984ರಲ್ಲಿ ಸೇರಿದವರು ಇವತ್ತಿಗೂ ಅದೇ ಕಂಪನಿಯಲ್ಲಿದ್ದಾರೆ.

ಮಾರಿಯೋಗೆ ಅವರು ಬರೆದಿದ್ದ ಮೊದಲ ಸಂಗೀತ ನಿಧಾನದ್ದು. ಆಟ ಬೆಳೆಯುತ್ತಾ ಹೋದಂತೆ ಮಾರಿಯೋ ಓಡುವ ಜೋರಿಗೆ ಅದು ಹೊಂದುತ್ತಿಲ್ಲ ಅನ್ನಿಸಿ ಬದಲಾಯಿಸಿದರು, ವೇಗ ಹೆಚ್ಚಿಸಿದರು. ಇಷ್ಟು ಸಣ್ಣ ಯಂತ್ರದಲ್ಲಿ ಇಷ್ಟೆಲ್ಲಾ ಮಾಡಿದರಲ್ಲ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಈ ತಿದ್ದುವಿಕೆ. ಚೆನ್ನಾಗಿರುವ ರಾಗವನ್ನೂ, ಆಡುವವರ ಕೈಗೆ ಹೊಂದಲಿಲ್ಲ ಅಂದರೆ ಬಿಟ್ಟುಕೊಡುವುದು ಸುಲಭದ ಮಾತಲ್ಲ.

ಮುಂದೆಯೂ ಅವರು ಹಾಗೇ ನಡೆದರು. 1990ರ ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ಯೋಶಿ ಅನ್ನುವ ಡೈನೋಸಾರ್‌ನ ಬೆನ್ನೇರಿದ ತಕ್ಷಣ ಅದೇ ಹಾಡಿಗೆ ಬಾಂಗೋ ಡ್ರಮ್‌ಗಳ ತಾಳ ಸೇರಿಕೊಳ್ಳುತ್ತದೆ, ಇಳಿದರೆ ಆ ತಾಳ ನಿಲ್ಲುತ್ತದೆ. 1998ರ ಜೆಲ್ಡಾ ಆಟದಲ್ಲಂತೂ ಆಡುವವರೇ ಐದು ಬಟನ್ ಒತ್ತಿ ಒಕರಿನಾ ಅನ್ನುವ ಊದುವ ವಾದ್ಯ ನುಡಿಸಬೇಕು. ಆ ಐದು ಸ್ವರಗಳಲ್ಲೇ ಒಂದಕ್ಕೊಂದು ಹೋಲದ, ಮರೆಯಲಾಗದ ಎಷ್ಟೊಂದು ಪುಟ್ಟ ರಾಗಗಳು! ಅಭ್ಯಾಸಕ್ಕೆ ಅಂತ ಸ್ವರ ಜೋಡಿಸಲು ಕೂತಾಗಲೆಲ್ಲ ಅದರ ಕಷ್ಟ ನನಗೆ ಅರ್ಥವಾಗುತ್ತದೆ. ಮಾರಿಯೋ ಅಂದರೆ ಮುದ್ದು ಅನ್ನುವ ಭಾವನೆ ಮನಸ್ಸಿನಲ್ಲಿದ್ದರೆ ಅದನ್ನು ತೆಗೆದುಹಾಕು ಅಂತ ಕೊಂಡೊ ತನಗೆ ಹೇಳಿದ್ದನ್ನು ನಿಂಟೆಂಡೊದ ಕಿರಿಯ ಸಂಗೀತಗಾರ ಮಹಿತೊ ಯೊಕೊತಾ ನೆನಪಿಸಿಕೊಂಡಿದ್ದಾರೆ.

2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಉಳಿಸಿಕೊಳ್ಳಬೇಕಾದ ಧ್ವನಿಮುದ್ರಣಗಳ ತನ್ನ ಪಟ್ಟಿಗೆ ಮಾರಿಯೋ ಸಂಗೀತವನ್ನು ಸೇರಿಸಿತು. ಆ ಪಟ್ಟಿ ಸೇರಿದ ಮೊದಲ ವಿಡಿಯೋ ಗೇಮ್ ಸಂಗೀತ ಅದು.

ಭಾನುವಾರ ಹುಡುಗ ಬಂದ. ಮೊದಲು ಎಡಗೈಯ ರಿ ಒಂದನ್ನೇ ನುಡಿಸಿದ. ಮುಖ ಸಣ್ಣದು ಮಾಡಿಕೊಂಡು, "ಇದು ರಾಂಗ್ ಅಲ್ವಾ ಮಿಸ್?" ಅಂದ. ಬಲಗೈ ಸೇರಿಸು ಅಂದೆ. ಸೇರಿಸಿದ. ನಿಲ್ಲಿಸಿದ. ಮತ್ತೆ ಮೊದಲಿಂದ ನುಡಿಸಿದ. ಹೊರಗೆ ಚಪ್ಪಲಿ ಬಿಡುತ್ತಿದ್ದ ಮುಂದಿನ ಬ್ಯಾಚಿನ ಮಕ್ಕಳು "ಮಾರಿಯೋ!" ಅಂತ ಕೂಗಿಕೊಂಡು ಒಳಗೆ ಬಂದರು.

ಮುಂದಿನ ವಾರದಿಂದ ಆ ಬ್ಯಾಚಿಗೂ ಕೊಂಡೊ ಪಾಠ. ನೀರಿನೊಳಗಿನ ಹಂತಕ್ಕೆ ಅವರು ಬರೆದ ವಾಲ್ಟ್ಸ್ ಆರಿಸಿಕೊಂಡಿದ್ದೇನೆ. ಮೂರರ ನಡೆ, ಎಡಗೈ ಪಳಗಲು ಒಳ್ಳೇದು. "ನೀರಲ್ಲಿ ಯಾಕೆ ಮಿಸ್ ಮೂರು?" ಅಂತ ಹುಡುಗ ಆಗಲೇ ಕೇಳಿದ್ದಾನೆ. ಆ ಹಂತವನ್ನು ಒಂದು ಸಲ ಸೌಂಡ್ ಆಫ್ ಮಾಡಿ, ಒಂದು ಸಲ ಆನ್ ಮಾಡಿ ಆಡಿಕೊಂಡು ಬಾ, ಆಮೇಲೆ ನೀನೇ ಹೇಳು ಅಂದಿದ್ದೇನೆ.