ಆಯುಧಪೂಜೆಗೆ ತೊಳೆದ ಎಲೆಕ್ಟ್ರಿಕ್ ಸೈಕಲ್: ಒಂದೂವರೆ ತಿಂಗಳ ರಿಪೇರಿ ಲೆಕ್ಕ

4,212 ಕಿ.ಮೀ. (ಸೈಕಲ್ ಇದುವರೆಗೆ ಓಡಿದ್ದು)

ಆಯುಧಪೂಜೆಯ ಹಿಂದಿನ ದಿನ ಮನೆಯ ಗಾಡಿಗಳಿಗೆಲ್ಲ ಸ್ನಾನ. ಪಕ್ಕದ ಮನೆಯವರು ಕಾರು ತೊಳೆಯಲು ತಂದಿದ್ದ ಪ್ರೆಷರ್ ವಾಷರನ್ನು ನನಗೂ ಕೊಟ್ಟರು. ಮೂರು ವರ್ಷದ ಜಿಡ್ಡು ಕಣ್ಣೆದುರೇ ಕರಗಿ ಹೋಗುವ ಖುಷಿಯಲ್ಲಿ ಹಿಂಚಕ್ರದ ನಡುವಿನ ಹಬ್ಬಿಗೂ (hub) ಚೆನ್ನಾಗಿ ನೀರು ಹಿಡಿದೆ. ಮರುದಿನ ಸೇವಂತಿಗೆ ಹಾರ, ಕುಂಕುಮ, ಚಕ್ರದಡಿ ನಿಂಬೆಹಣ್ಣು. ನಿಂಬೆಹಣ್ಣಿನ ಮೇಲೆ ಹತ್ತಿಸಲು ಥ್ರಾಟಲ್ ತಿರುವಿದಾಗ ಮೋಟಾರು ಮುಂದೆ ಹೋಗದೆ ನಿಂತಲ್ಲೇ ಗಡಗಡ ನಡುಗಿತು. ಕೈಯಿಂದ ತಳ್ಳಿ ಶಾಸ್ತ್ರ ಮುಗಿಸಿದೆ.

ಹೊಸಬರಿಗೆ ಚಿಕ್ಕ ಪರಿಚಯ: ಇದು ಹಳೆಯ ಗೇರ್ ಸೈಕಲ್ಲಿಗೆ ನಾನೇ ಕೂರಿಸಿದ 36 ವೋಲ್ಟ್, 250 ವ್ಯಾಟ್ ಕಿಟ್. ಮೋಟಾರು ಹಿಂಚಕ್ರದ ಹಬ್ಬಿನೊಳಗೆ. ಬ್ಯಾಟರಿ 10.4 ಆಂಪಿಯರ್-ಅವರ್. ಅದರೊಳಗೆ ನಲವತ್ತು ಲಿಥಿಯಂ ಸೆಲ್‌ಗಳು (18650 ಎಂಬ ಅಳತೆಯವು), ನಾಲ್ಕು ನಾಲ್ಕರಂತೆ ಹತ್ತು ಗುಂಪು. ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಬರುವುದು ಇದರ ದಿನದ ಕೆಲಸ.

4,219 ಕಿ.ಮೀ.

ಎರಡು ದಿನ ಒಣಗಲು ಬಿಟ್ಟೆ, ಸುಧಾರಿಸಿತು. ಮೂರನೆಯ ದಿನ ಬೋಗಾದಿ ರಸ್ತೆಯಲ್ಲಿ ಮತ್ತೆ ನಡುಕ, ಸ್ವಲ್ಪ ಹೊತ್ತಿನಲ್ಲಿ ಡಿಸ್‌ಪ್ಲೇ ಕೂಡ ಆರಿತು. ಆರುವ ಗಳಿಗೆಯಲ್ಲಿ ಬ್ಯಾಟರಿ ಐದರಲ್ಲಿ ಮೂರು ಗೆರೆ ತೋರಿಸುತ್ತಿತ್ತು. ಮೊದಲು 35 ಕಿ.ಮೀ. ಓಡುತ್ತಿದ್ದದ್ದು ಈಚೆಗೆ ಹದಿನೆಂಟಕ್ಕೇ ಸುಸ್ತಾಗುತ್ತಿದ್ದದ್ದೂ ನೆನಪಾಗಿ, ಎಲ್ಲ ತಪ್ಪನ್ನೂ ಬ್ಯಾಟರಿಯ ತಲೆಗೆ ಕಟ್ಟಿದೆ.

ತೋರಿಸಿದ ಅಂಗಡಿಯಲ್ಲಿ ಮೀಟರನ್ನೂ ಹಚ್ಚದೆ, "ಪ್ಯಾಕ್ ಹೋಗಿದೆ ಸಾರ್, 14,000 ಆಗುತ್ತೆ. ಹೇಗೂ ಹಾಕ್ತೀರಲ್ಲ, 48 ವೋಲ್ಟಿಂದು ಹಾಕ್ಸಿಬಿಡಿ, ಸ್ಕೂಟರ್ ಥರ ಹೋಗುತ್ತೆ" ಎಂದರು. ಸ್ಕೂಟರ್ ಥರ ಹೋಗುವುದೇ ನನಗೆ ಬೇಡವಾದದ್ದು. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನೋಂದಣಿ, ಲೈಸೆನ್ಸ್ ಇಲ್ಲದೆ ಓಡಿಸಲು ಇರುವ ಮಿತಿ 0.25 ಕಿಲೋವ್ಯಾಟ್ ಮತ್ತು ಗಂಟೆಗೆ 25 ಕಿ.ಮೀ. ಅದನ್ನು ದಾಟಿದ ಮೇಲೆ ನನ್ನದು ಸೈಕಲ್ಲಲ್ಲ, ನಂಬರ್ ಪ್ಲೇಟ್ ಇಲ್ಲದ ಮೋಟಾರು ವಾಹನ. ಸಾಲದ್ದಕ್ಕೆ ಬ್ರೇಕುಗಳೂ ಸೈಕಲ್ಲಿನವೇ. ನಮಸ್ಕಾರ ಹೇಳಿ ಬಂದೆ.

4,219 ಕಿ.ಮೀ. (ಮೀಟರ್ ಓಡಿಲ್ಲ, ನಾನು ಓಡಾಡಿದ್ದೇನೆ)

ಪೂರ್ತಿ ಚಾರ್ಜ್ ಮಾಡಿ ಅಳೆದೆ: 41.4 ವೋಲ್ಟ್. ಬರಬೇಕಾದದ್ದು 42. ವಯಸ್ಸಾಗಿದೆ, 0.6 ತಾನೇ ಅಂದುಕೊಳ್ಳುವ ಅಂಕಿ ಇದು. ನಾನೂ ಹಾಗೇ ಅಂದುಕೊಂಡು ಒಂದು ವಾರ ಕಳೆದೆ. ಆಮೇಲೆ ಪೆಟ್ಟಿಗೆ ಬಿಚ್ಚಿ, ಸೆಲ್‌ಗಳನ್ನು ಕಾಯುವ ಬಿಎಂಎಸ್ ಎಂಬ ಬೋರ್ಡಿಗೆ ಹೋಗುವ ತೆಳು ವಯರುಗಳ ಪ್ಲಗ್ಗಿನ ಹಿಂಬದಿಗೆ ಮೀಟರಿನ ಮುಳ್ಳು ಇಟ್ಟು ಗುಂಪು ಗುಂಪಾಗಿ ಅಳೆದೆ. ಒಂಬತ್ತು ಗುಂಪುಗಳು 4.17ರಿಂದ 4.20. ಏಳನೆಯದು ಮಾತ್ರ 3.71.

ಮೂರು ಗೆರೆ ಇರುವಾಗಲೇ ಸೈಕಲ್ ಯಾಕೆ ಸಾಯುತ್ತಿತ್ತು ಎಂಬುದು ಅಲ್ಲಿಗೆ ತಿಳಿಯಿತು. ಡಿಸ್‌ಪ್ಲೇ ನೋಡುವುದು ಹತ್ತರ ಮೊತ್ತವನ್ನು, ಬಿಎಂಎಸ್ ನೋಡುವುದು ಒಂದೊಂದು ಗುಂಪನ್ನು. ಏಳನೆಯದು ತಳ ಮುಟ್ಟಿದ ಕೂಡಲೇ ಉಳಿದವುಗಳ ಹೊಟ್ಟೆ ತುಂಬಿದ್ದರೂ ಅದು ಕರೆಂಟ್ ಕಡಿಯುತ್ತದೆ. ಚಾರ್ಜಿಗೆ ಹಾಕಿದಾಗಲೂ ಇದೇ ಕಥೆ. ಒಂಬತ್ತು ಗುಂಪು ತುಂಬಿ ತುಳುಕುತ್ತವೆ, ಏಳನೆಯದು ಅರ್ಧ ಹಸಿವಿನಲ್ಲೇ ಏಳುತ್ತದೆ.

ಆದರೆ ನಡುಕಕ್ಕೂ ಇದಕ್ಕೂ ಸಂಬಂಧ ಕೂಡಲಿಲ್ಲ. ಪೂರ್ತಿ ಚಾರ್ಜ್ ಇದ್ದಾಗಲೂ ಮೋಟಾರು ನಡುಗುತ್ತಿತ್ತಲ್ಲ.

ಅದೇ ವಾರ, ಭಾನುವಾರ

ಮೋಟಾರಿನೊಳಗೆ ಮೂರು ಹಾಲ್ ಸೆನ್ಸರ್‌ಗಳಿವೆ. ಆಯಸ್ಕಾಂತ ಎಲ್ಲಿದೆ ಎಂದು ಮೋಟಾರಿಗೆ ಕರೆಂಟ್ ಹಂಚುವ ಕಂಟ್ರೋಲರಿಗೆ ಹೇಳುವುದು ಅವುಗಳ ಕೆಲಸ. ಒಂದು ಸುಮ್ಮನಾದರೂ ಕಂಟ್ರೋಲರ್ ತಪ್ಪು ಸುರುಳಿಗೆ ಕರೆಂಟ್ ಕೊಟ್ಟು ಗಡಗಡ ಶುರು. ಇದನ್ನು ನಮ್ಮ ಬೀದಿಯ ಸೈಕಲ್ ಅಂಗಡಿ ಸಾಬ್ರಿಗೆ ಹೇಳಿದರೆ, "ಹಾಲು ಕೆಟ್ಟಿದೆ ಅನ್ನಿ" ಎಂದು ನಕ್ಕರು.

ಪರೀಕ್ಷೆ ಸುಲಭ. ಸಿಗ್ನಲ್ ವಯರಿಗೂ ಕಪ್ಪು ವಯರಿಗೂ ಮೀಟರ್ ಇಟ್ಟು, ಸ್ವಿಚ್ ಹಾಕಿ, ಚಕ್ರವನ್ನು ನಿಧಾನ ತಿರುಗಿಸಿದರೆ 0, 5, 0, 5 ಎಂದು ವೋಲ್ಟೇಜ್ ಏರಿಳಿಯಬೇಕು. ಅರ್ಧ ಗಂಟೆ ತಿರುಗಿಸಿದೆ, ಮೂರರಲ್ಲಿ ಒಂದೂ ಅಲ್ಲಾಡಲಿಲ್ಲ. ಮೂರೂ ಒಟ್ಟಿಗೆ ಸತ್ತವೇ ಎಂದು ತಲೆ ಮೇಲೆ ಕೈ ಹೊತ್ತು ಕೂತಾಗ ಹೊಳೆಯಿತು: ಗೇರ್ ಇರುವ ಹಬ್ಬನ್ನು ಮುಂದಕ್ಕೆ ತಿರುಗಿಸಿದರೆ ಒಳಗಿನ ಕ್ಲಚ್ಚು ಬಿಟ್ಟುಕೊಡುತ್ತದೆ, ಚಕ್ರ ತಿರುಗುತ್ತದೆ, ಮೋಟಾರು ತಿರುಗುವುದಿಲ್ಲ. ಹಿಂದಕ್ಕೆ ತಿರುಗಿಸಬೇಕು. ತಿರುಗಿಸಿದೆ. ಹಳದಿ, ನೀಲಿ ಸರಿಯಾಗಿ ಏರಿಳಿದವು. ಹಸಿರು 5ರಲ್ಲೇ ಅಂಟಿಕೊಂಡಿತ್ತು.

ಕನೆಕ್ಟರಿನೊಳಗೆ ಪಾಚಿಯಂಥ ಹಸಿರು ಕಿಲುಬು ಕಂಡು ಆಸೆಯಾಯಿತು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿದರೂ ಫಲವಿಲ್ಲ. ಬಿಚ್ಚುವುದೇ ಗತಿ.

ಚಕ್ರ ಬಿಚ್ಚಲು 18ರ ಪಾನಾ ಸಾಕು. ಫ್ರೀವೀಲ್ (ಚೈನ್ ಕೂರುವ ಹಿಂದಿನ ಹಲ್ಲುಚಕ್ರ) ಬಿಚ್ಚುವ ಟೂಲ್ ಸಾಬ್ರ ಹತ್ತಿರ ಇತ್ತು, ಆದರೂ ಇಬ್ಬರೂ ಸೇರಿ ತೂಗಬೇಕಾಯಿತು. ಪೆಡಲ್ ತುಳಿದು ತುಳಿದು ಫ್ರೀವೀಲ್ ಎಷ್ಟು ಬಿಗಿದಿರುತ್ತದೆ ಎಂದು ಬಿಚ್ಚುವಾಗಲೇ ಗೊತ್ತಾಗುವುದು. ಮುಚ್ಚಳ ತೆಗೆದರೆ ಮೂರು ಬಿಳಿ ನೈಲಾನ್ ಗೇರುಗಳು, ಅವುಗಳ ಮೈತುಂಬ ನೀರು ಬೆರೆತ ಗ್ರೀಸು, ನೋಡಲು ಥೇಟ್ ಒಡೆದ ಮೊಸರು. ನೀರು ಬಂದ ದಾರಿಯೂ ಕಂಡಿತು. ಕೇಬಲ್ ಆಕ್ಸೆಲ್ಲಿನ ಟೊಳ್ಳಿನೊಳಗಿಂದ ಹೋಗುತ್ತದೆ. ಅದನ್ನು ಕೆಳಕ್ಕೆ ಒಂದು ಬಾಗು ಕೊಟ್ಟು ಆಮೇಲೆ ಮೇಲಕ್ಕೆ ಒಯ್ದಿದ್ದರೆ ನೀರು ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತಿತ್ತು. ನೀಟಾಗಿ ಕಾಣಲಿ ಎಂದು ನಾನು ಮೇಲಿನಿಂದ ನೇರ ಇಳಿಸಿ ಟ್ಯಾಗ್ ಬಿಗಿದಿದ್ದೆ. ಮೂರು ಮಳೆಗಾಲ ತಡೆದದ್ದೇ ಹೆಚ್ಚು. ಪೂಜೆಯ ನೆಪದ ಸ್ನಾನ ಕೊನೆಯ ಏಟು ಕೊಟ್ಟಿದೆ, ಅಷ್ಟೇ.

4,219 ಕಿ.ಮೀ., ಮುಂದಿನ ಶನಿವಾರ

ಬೆಂಗಳೂರಿಗೆ ಬೇರೆ ಕೆಲಸವಿತ್ತು, ಎಸ್.ಪಿ. ರಸ್ತೆಗೂ ಹೋಗಿ ಎಸ್ಎಸ್41ಎಫ್ ಸೆನ್ಸರ್ ಆರು ತಂದೆ. ಕೆಟ್ಟದ್ದು ಒಂದಾದರೂ ಮೂರನ್ನೂ ಬದಲಿಸಿದೆ. ಇನ್ನೊಂದಕ್ಕಾಗಿ ಮತ್ತೆ ಆ ಫ್ರೀವೀಲ್ ಜೊತೆ ಕುಸ್ತಿ ಯಾರಿಗೆ ಬೇಕು? ಅಕ್ಷರ ಇರುವ ಮುಖ ಹಳೆಯದು ಇದ್ದ ಕಡೆಗೇ ಇರಬೇಕು. ಬಿಚ್ಚುವ ಮೊದಲು ಫೋಟೋ ತೆಗೆದಿದ್ದರಿಂದ ಬಚಾವ್. ಸೋಲ್ಡರ್ ಮಾಡಿ, ಕಾಲುಗಳಿಗೆ ಸ್ಲೀವ್ ಏರಿಸಿ, ಅರಾಲ್ಡೈಟಿನಲ್ಲಿ ಕೂರಿಸಿ ರಾತ್ರಿಯಿಡೀ ಬಿಟ್ಟೆ. ಹಳೇ ಗ್ರೀಸು ಒರೆಸಿ ಹೊಸದು ಹಚ್ಚಿದೆ. ಆಯಸ್ಕಾಂತದ ಸೆಳೆತ ಎಷ್ಟೆಂದರೆ ರೋಟರ್ ಒಳಗೆ ಕೂರಿಸುವಾಗ ಹೆಬ್ಬೆರಳು ಸಿಕ್ಕಿಕೊಂಡು ಉಗುರು ಈಗಲೂ ಕಪ್ಪಗಿದೆ.

ಸ್ಟ್ಯಾಂಡಿನ ಮೇಲೆ ಓಡಿಸಿ ನೋಡಿದೆ. ನಡುಕ ಇಲ್ಲ.

ಬ್ಯಾಟರಿ, ಈ ನಡುವೆ

ಏಳನೆಯ ಗುಂಪಿಗೆ ಮಾತ್ರ ಟಿಪಿ4056 ಎಂಬ ಪುಟ್ಟ ಬೋರ್ಡಿನಿಂದ ಪ್ರತ್ಯೇಕ ಚಾರ್ಜ್ ಕೊಟ್ಟಿದ್ದೆ. ಒಂದು ಆಂಪಿಯರ್ ಅಷ್ಟೇ. ಬೆಳಗ್ಗೆ ಒಂಬತ್ತಕ್ಕೆ ಹಚ್ಚಿದ್ದು, ಸಂಜೆಯ ಹೊತ್ತಿಗೆ ನೀಲಿ ದೀಪ ಬಂತು. ಎಲ್ಲ ಗುಂಪೂ ಸಮ. ಇಲ್ಲಿಗೆ ನಿಲ್ಲಿಸಬಾರದು, ಕೆಳಗಿಳಿದದ್ದು ಯಾಕೆ ಎಂಬುದು ಇನ್ನೂ ತಿಳಿದಿಲ್ಲ. ಪ್ಯಾಕನ್ನು ಹತ್ತು ದಿನ ಮುಟ್ಟದೆ ಸಿಟ್‌ಔಟಿನಲ್ಲಿ ಪಕ್ಕಕ್ಕೊಂದು ಮರಳಿನ ಬಕೆಟ್ ಇಟ್ಟು ಬಿಟ್ಟೆ. ("ಇದನ್ನ ಮನೆಯೊಳಗೆ ಮಾತ್ರ ತರಬೇಡಿ ಕಣ್ರೀ" ಎಂದು ಒಳಗಿನಿಂದ ಆಜ್ಞೆಯಾಗಿತ್ತು. ಆಜ್ಞೆ ಸರಿಯಾಗಿಯೇ ಇದೆ.) ಹತ್ತನೆಯ ದಿನ ಉಳಿದವು 4.16, 4.17. ಏಳನೆಯದು 4.05. ಅಂದರೆ ನಾಲ್ಕರಲ್ಲಿ ಯಾವುದೋ ಸೆಲ್ ಒಳಗೊಳಗೇ ಸೋರುತ್ತಿದೆ.

ಸೆಲ್ಲಿಗೆ ಸೋಲ್ಡರಿಂಗ್ ಐರನ್ ಮುಟ್ಟಿಸುವ ಧೈರ್ಯ ನನಗಿಲ್ಲ, ಆ ಬಿಸಿ ಅದಕ್ಕೆ ಆಗುವುದೂ ಇಲ್ಲ. ಸ್ಪಾಟ್ ವೆಲ್ಡಿಂಗ್ ಮಷಿನ್ ಇರುವ ಹುಡುಗನೊಬ್ಬ ಸಿಕ್ಕ. ಸೋರುವ ಒಂದನ್ನೇ ತೆಗೆಯೋಣವೇ ಎಂದೆ. "ಬೇಡ ಅಣ್ಣ, ಮೂರು ಹಳೇದರ ಜೊತೆ ಒಂದು ಹೊಸದು ಸೇರಿದ್ರೆ ಹೊಂದ್ಕೊಳ್ಳಲ್ಲ, ಗುಂಪನ್ನೇ ತೆಗೀರಿ" ಎಂದ. ನಾಲ್ಕು ಸೆಲ್, ನಿಕಲ್ ಪಟ್ಟಿ, ಕೂಲಿ ಸೇರಿ 1,100 ರೂಪಾಯಿ. ಹೊಸ ಗುಂಪನ್ನು ಸೇರಿಸುವ ಮೊದಲು ಉಳಿದ ಒಂಬತ್ತರ ವೋಲ್ಟೇಜಿಗೆ ತಂದುಕೊಂಡ. ಕೇಳದೆಯೇ ಇದನ್ನು ಮಾಡಿದ್ದು ನೋಡಿ, ಮುಂದೆಯೂ ಇವನ ಹತ್ತಿರವೇ ಬರಬೇಕು ಅನ್ನಿಸಿತು.

4,308 ಕಿ.ಮೀ.

ಎರಡನೆಯ ಹಂತದ ಅಸಿಸ್ಟಿನಲ್ಲಿ (ಮೋಟಾರಿನ ನೆರವು) ಪೆಡಲ್ ತುಳಿಯುತ್ತ ನಿನ್ನೆ 31 ಕಿ.ಮೀ. ಬಂತು. ಮನೆ ಮುಟ್ಟಿದಾಗ ಗುಂಪುಗಳ ನಡುವಿನ ವ್ಯತ್ಯಾಸ 0.05 ವೋಲ್ಟ್. ಕೇಬಲ್ಲಿಗೆ ಈಗ ಕೆಳಗೊಂದು ಬಾಗು ಇದೆ, ನೋಡಲು ಚೆಂದವಿಲ್ಲ.

ಹೊಸದಾಗಿ ಒಂದು ಸದ್ದು ಸೇರಿಕೊಂಡಿದೆ. ಮೋಟಾರು ಎಳೆಯುವಾಗ ಮಾತ್ರ, ಚಕ್ರದ ಸುತ್ತಿಗೊಮ್ಮೆ "ಟಿಕ್". ಸಾಬ್ರು ಕಡ್ಡಿಗಳನ್ನು ಒಂದೊಂದಾಗಿ ಹಿಡಿದು ನೋಡಿ, ಎರಡು ಸಡಿಲವಿವೆ ಎಂದರು. ನನ್ನ ಅನುಮಾನ ನೈಲಾನ್ ಗೇರಿನ ಮೇಲೆ. ಕಡ್ಡಿ ಬಿಗಿಯಲು ಹತ್ತು ನಿಮಿಷ ಸಾಕು, ಗೇರ್ ನೋಡಲು ಮತ್ತೆ ಅದೇ ಫ್ರೀವೀಲ್. ಭಾನುವಾರ ಮೊದಲು ಕಡ್ಡಿ ಬಿಗಿಯುವುದು ಎಂದಾಗಿದೆ.